ಎರಡನೇ ದರ್ಜೆ ಮಂಡಕ್ಕಿ

"ಇನ್ನೊಂದ್ಸಲ ಉಜ್ಜು ನಾಗರತ್ನ, ಉಗುರು ಸಂದ್ಯಾಗೆ ಇನ್ನೂ ಮಸಿ ಐತೆ," ಎಂದಳು ಚೌಡಮ್ಮ, ತಂಬಿಗೆಯಿಂದ ನೀರು ಬಿಡುತ್ತ.

ನಾಗರತ್ನ ಅಕ್ಕನ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಸೀಗೆಪುಡಿ ಹಾಕಿ ಮತ್ತೊಮ್ಮೆ ಉಜ್ಜಿದಳು. ಮಸಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ದುಡಿದ ಕೈ ಅದು. ಬದುಕಿದ್ದಾಗ ಯಾರ ಮಾತನ್ನೂ ಕೇಳದ ಗಾದ್ರಮ್ಮ ಸತ್ತ ಮೇಲೆ ಒಂದು ತಂಬಿಗೆ ನೀರಿನ ಮಾತು ಕೇಳುತ್ತಾಳೆಯೇ?

ನಿನ್ನೆ ಮಂಗಳವಾರ ಬೆಳಿಗ್ಗೆ, ಬಾಣಲೆಯಲ್ಲಿ ಮರಳು ಕಾಯಲು ಬಿಟ್ಟು ನೀರು ಕುಡಿಯಲು ಎದ್ದವಳು ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದಳು. ಕೆಲಸದ ಗಂಗೋತ್ರಿ ಓಡಿಬಂದು ಹಿಡಿದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತಮೂರು ವರ್ಷ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಿಂದಲೂ ಒಂದು ಲೋಟ ಗಂಜಿ ಕುಡಿಯಲಿಲ್ಲ. ಸಾಯುವುದರಲ್ಲೂ ಅಕ್ಕನಿಗೇ ಅದೃಷ್ಟ, ಅಂದುಕೊಂಡಳು ನಾಗರತ್ನ. ಹಾಗಂದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಆದರೂ ಅಂದುಕೊಂಡಿದ್ದೇನೋ ನಿಜ.

ಮೈ ಒರೆಸಿ ಮುಗಿದ ಮೇಲೆ ಚೌಡಮ್ಮ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ ತಂದಿಟ್ಟಳು. ಓಣಿಯಲ್ಲಿ ಯಾರೇ ಸತ್ತರೂ ಮುಂದೆ ನಿಂತು ಎಲ್ಲ ಮಾಡಿಸುವ ಮುದುಕಿ ಅವಳು.

"ಮುತ್ತೈದೆಯಾಗೇ ಕಳಿಸಬೇಕೇನು?" ಎಂದು ಕೇಳಿದಳು ನಾಗರತ್ನ. ದನಿ ಸಾದಾ ಇರಲಿ ಎಂದು ಎಚ್ಚರವಹಿಸಿಯೇ ಕೇಳಿದ್ದಳು.

"ಮತ್ತೆ? ಗಂಡ ಇದಾನಲ್ಲ. ಹೊನ್ನಾಳಿಯಿಂದ ಮೊದಲ್ನೇ ಬಸ್ಸಿಗೆ ಬಂದು ಹೊರಗೆ ಕುಂತಾನೆ."

"ಆತನ ಹೊಸಿಲು ತುಳಿದು ಇಪ್ಪತ್ತೆಂಟು ವರ್ಷ ಆತು."

"ತಾಳಿ ಬಿಚ್ಚಿ ಕೊಟ್ಟಿಲ್ಲಲ್ಲ. ಗಂಡನ ಕೂಡೆ ಬಾಳಿದ್ಲಾ ಬಿಟ್ಲಾ ಅಂತ ಕುಂಕುಮ ಕೇಳಲ್ಲ. ಗಂಡ ಉಸಿರಾಡ್ತಾನಾ ಇಲ್ಲಾ, ಅಷ್ಟೆ. ನೀನು ಸ್ವಲ್ಪ ಹಿಂದಕ್ಕೆ ಸರಿಯವ್ವ."

ನಾಗರತ್ನ ಹಿಂದಕ್ಕೆ ಸರಿದಳು. ಮೂವತ್ತೆರಡು ವರ್ಷ ಗುರುಸ್ವಾಮಿ ಮೇಷ್ಟ್ರ ಊಟ, ಇಸ್ತ್ರಿ, ಮಾತ್ರೆ ಎಲ್ಲವನ್ನೂ ಗಡಿಯಾರ ನೋಡಿ ನಡೆಸಿದವಳು ಅವಳು. ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅಂದಿನಿಂದ ಹಣೆ ಬರಿದಾಗಿತ್ತು. ಗಂಡನನ್ನು ಬಿಟ್ಟು ಟಿವಿಎಸ್ ಮೇಲೆ ಊರೂರು ತಿರುಗಿದವಳ ಹಣೆಗೆ ಈಗ ಕಾಸಗಲದ ಕುಂಕುಮ ಬೀಳುತ್ತಿತ್ತು. ಉಡಿಸುತ್ತಿದ್ದ ಹಸಿರು ಸೀರೆ ತವರಿನದಾಗಬೇಕು, ತವರಿನ ಕಡೆ ಉಳಿದವಳು ನಾಗರತ್ನ ಒಬ್ಬಳೇ. ತನಗೆಂದೂ ಸಿಗದ ಸೀರೆಯನ್ನು ಬೆಳಿಗ್ಗೆ ಅಂಗಡಿಯ ಬಾಗಿಲು ಬಡಿದು ತಾನೇ ಕೊಂಡು ತಂದಿದ್ದಳು.

ಮೂಲೆಯಲ್ಲಿ ನಾಗರತ್ನಳ ಮಗಳು ಚೈತ್ರಾ ಗೋಡೆಗೆ ಮುಖ ಕೊಟ್ಟು ಅಳುತ್ತಿದ್ದಳು. ಮದುವೆಯಾಗಿ ಶಿವಮೊಗ್ಗದಲ್ಲಿರುವ ಹೆಣ್ಣು, ಅವರಪ್ಪ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ಅವಳಿಗೆ ಗಾಡಿ ಓಡಿಸಲು ಕಲಿಸಿದವಳು ದೊಡ್ಡಮ್ಮ. ಮೊದಲ ಸಲ ಸಿನಿಮಾಕ್ಕೆ ಕರೆದೊಯ್ದವಳೂ ದೊಡ್ಡಮ್ಮನೇ. ನಾಳೆ ನಾನು ಸತ್ತರೆ ಇವಳು ಹೀಗೆ ಅಳುತ್ತಾಳಾ ಎಂದು ಯೋಚಿಸುತ್ತ ನಾಗರತ್ನ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಬೇರೆ ಏನೂ ತೋಚದಾಗ ಅವಳ ಕೈ ತಾನಾಗಿ ಮಾಡುವ ಕೆಲಸ ಅದು.

*

ಚನ್ನಗಿರಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಮಂಡಕ್ಕಿ ಹುರಿಯುವುದರಲ್ಲಿ ಗಾದ್ರಮ್ಮನಿಗಿಂತ ನಾಗರತ್ನಳ ಕೈ ಮೇಲು.

ಜಗಳೂರಿನಲ್ಲಿ ಅವರ ಅವ್ವ ಕಾಟಮ್ಮ ಒಂದು ಭಟ್ಟಿಯಲ್ಲಿ ಹುರಿಯುವ ಕೆಲಸಕ್ಕಿದ್ದಳು. ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ ಮರಳಿನ ಪಕ್ಕ ಬೆಳೆದರು. ಗಾದ್ರಮ್ಮನಿಗೆ ಅವಸರ. ಮರಳು ಪೂರ್ತಿ ಕಾಯುವ ಮೊದಲೇ ಅಕ್ಕಿ ಸುರಿಯುವಳು, ಇಲ್ಲವೇ ಮಾತಾಡುತ್ತ ಕೆಂಪಗೆ ಮಾಡುವಳು. ಐದು ವರ್ಷ ಚಿಕ್ಕವಳಾದ ನಾಗರತ್ನ ಮರಳಿನ ಮೇಲೆ ನಾಲ್ಕು ಕಾಳು ಎಸೆದು, ಅವು ಅರಳುವ ಹೊತ್ತನ್ನು ನೋಡಿಯೇ ಹದ ಹೇಳುತ್ತಿದ್ದಳು. ಸಂಜೆ ಕಾಟಮ್ಮ ಇಬ್ಬರ ಮಂಡಕ್ಕಿಯಿಂದಲೂ ಒಂದೊಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಸುಕುವಳು. ಕಸುಬಿನವರು ಮಂಡಕ್ಕಿಯ ಗುಣ ನೋಡುವುದೇ ಹಾಗೆ, ಒಳ್ಳೆಯದು ಚರಚರ ಅನ್ನುತ್ತದೆ, ಮೆತ್ತಗಿನದು ಬಾಯಿ ಬಿಡುವುದಿಲ್ಲ.

"ಸಣ್ಣಾಕಿದು ಮೊದಲನೇ ದರ್ಜೆ. ದೊಡ್ಡಾಕಿದು ಎರಡನೇದು," ಎನ್ನುವಳು ಅವ್ವ.

ಗಾದ್ರಮ್ಮ ನಕ್ಕು, ಎರಡನೇ ದರ್ಜೆಯನ್ನು ತಾನೇ ಮುಕ್ಕುತ್ತ ಹೊರಗೆ ಓಡುವಳು.

ಆ ಮೊದಲನೇ ದರ್ಜೆಯ ಕೈಯನ್ನು ಹೈಸ್ಕೂಲು ಮೇಷ್ಟ್ರು ಮದುವೆಯಾಗಿ ಚನ್ನಗಿರಿಗೆ ಕರೆತಂದರು. ಮೇಷ್ಟ್ರು ಕೆಟ್ಟವರಲ್ಲ. "ಭಟ್ಟಿ ಕೆಲಸದ ವಿಷಯ ಇಲ್ಲಿ ಯಾರಿಗೂ ಹೇಳಾದು ಬ್ಯಾಡ, ಮೇಷ್ಟ್ರ ಕಾಲೋನಿಯಾಗೆ ನಮಗೊಂದು ಮರ್ಯಾದೆ ಐತೆ," ಎಂದು ಮೆಲ್ಲಗೇ ಹೇಳಿದ್ದರು. ನಾಗರತ್ನ ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಅಪ್ಪನಿಗೆ ಜಗಳೂರಿನ ಕಡೆ ಹೊಲ ಇತ್ತು ಎಂದು ನೆರೆಯವರಿಗೆ ಹೇಳಿ, ಹೇಳಿದ್ದನ್ನು ನೆನಪಿಟ್ಟುಕೊಂಡು ಬದುಕಿದಳು.

ಎಂಟು ವರ್ಷದ ಮೇಲೆ ಒಂದು ಮಧ್ಯಾಹ್ನ ಗಾದ್ರಮ್ಮ ಒಂದು ಚೀಲ ಹಿಡಿದು ಅದೇ ಊರಿಗೆ ಬಂದಿಳಿದಳು.

"ಹೊಡೆದ್ನಾ?" ಎಂದು ಕೇಳಿದ್ದಳು ನಾಗರತ್ನ.

"ಇಲ್ಲ."

"ಕುಡೀತಾನಾ?"

"ಇಲ್ಲ ಕಣೆ. ಅಲ್ಲಿ ನಂಗೆ ಗಾಳಿ ಆಡಲ್ಲ. ಬಾಗ್ಲು ದಾಟಬೇಕಂದ್ರೆ ನಾಲ್ಕು ಜನಕ್ಕೆ ಹೇಳಬೇಕು. ಇಲ್ಲೊಂದು ಭಟ್ಟಿ ಹಾಕ್ತೀನಿ."

"ಜನ ಏನಂತಾರೆ?"

"ಮಂಡಕ್ಕಿ ಸೇರಿಗೆ ಎಷ್ಟು ಅಂತಾರೆ."

ಅವಳು ಸಂತೆ ಮೈದಾನದ ಹಿಂದೆ ಶೀಟಿನ ಭಟ್ಟಿ ಹಾಕಿ, ಅದರ ಬೆನ್ನಿಗಿದ್ದ ಒಂದೇ ಕೋಣೆಯಲ್ಲಿ ಇದ್ದುಬಿಟ್ಟಳು. ಸೀರೆಯ ಮೇಲೊಂದು ಖಾಕಿ ಶರ್ಟು ತೊಟ್ಟು ಹುರಿಯುತ್ತಿದ್ದಳು, ಅದರಲ್ಲೇ ಪೇಟೆಗೂ ಹೋಗುತ್ತಿದ್ದಳು. ಬುಧವಾರ ಬಂತೆಂದರೆ ಭಟ್ಟಿಗೆ ಬೀಗ. ಟಿವಿಎಸ್ ಹತ್ತಿ ಎಲ್ಲಿಗೆ ಹೋಗುತ್ತಾಳೆಂದು ಯಾರಿಗೂ ಹೇಳಿದವಳಲ್ಲ. ಊರು ಸಾವಿರ ಊಹಿಸಿತು. ನಾಗರತ್ನ ಮಾತ್ರ, ಅಕ್ಕ ಈ ಕಸುಬು ಗಂಡನ ಊರಿನಲ್ಲಿ ಕಲಿತಳೆಂದು ಕೇಳಿದವರಿಗೆ ಹೇಳಿ, ಆ ದಾರಿಯಲ್ಲಿ ಹೋಗಬೇಕಾದರೆ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ಆದರೆ ಹುರಿದ ಅಕ್ಕಿಯ ವಾಸನೆಗೆ ಈಚೆ ಬದಿ, ಆಚೆ ಬದಿ ಎಂಬುದಿರಲಿಲ್ಲ.

*

ಹತ್ತೂವರೆಗೆ ಹೆಣವನ್ನು ಭಟ್ಟಿಯ ಮುಂದಿನ ಚಪ್ಪರಕ್ಕೆ ತಂದು ಮಲಗಿಸಿದರು. ಮಣ್ಣಿಗೆ ಬಂದವರು ನಾಗರತ್ನ ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ಮೆಣಸಿನಕಾಯಿ ಬಜ್ಜಿಯವರು, ಬಸ್ ಕಂಡಕ್ಟರುಗಳು, ತ್ಯಾವಣಿಗೆಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದ ಹೆಂಗಸರು. ಮೇಷ್ಟ್ರ ಮಣ್ಣಿಗೂ ಜನ ಬಂದಿದ್ದರು, ಆದರೆ ಅವರೆಲ್ಲ ವಾಚು ನೋಡಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ವಾಚು ನೋಡುತ್ತಿರಲಿಲ್ಲ, ಅದನ್ನೂ ನಾಗರತ್ನ ಗಮನಿಸಿದಳು.

ವರ್ತಕರ ಸಂಘದ ಅಧ್ಯಕ್ಷ ಹಾಲೇಶಪ್ಪ ಹಾರ ಹಾಕಿ ಪಕ್ಕಕ್ಕೆ ಬಂದು ನಿಂತರು.

"ಮೂರು ವರ್ಷದ ಹಿಂದೆ ಸನ್ಮಾನ ಇಟ್ಕಂಡಿದ್ವಿ," ಎಂದು ಪಕ್ಕದವರಿಗೆ ಹೇಳಿದರು. "ಶಾಲು, ಹಾರ, ಬೆಳ್ಳಿ ತಟ್ಟೆ, ಎಲ್ಲಾ ರೆಡಿ. ಒಂದು ರೇಷ್ಮೆ ಸೀರೆ ಉಟ್ಕಂಡು ಬರ್ರಿ, ಪೇಪರಿನೋರು ಬರ್ತಾರೆ ಅಂದೆ. ಯಾವ ವಾರ ಅಂದ್ಲು. ಬುಧವಾರ ಅಂದೆ. ಬುಧವಾರ ನಾನು ಸಿಗಲ್ಲ ರೀ ಅಂದ್ಲು."

"ಬರ್ಲೇ ಇಲ್ವಾ?"

"ಎರಡು ಮೂಟೆ ಮಂಡಕ್ಕಿ ಬಂತು. ಖಾರ ಕಲಸಿ ಎಲ್ರಿಗೂ ಕೊಡ್ರಿ, ಭಾಷಣ ಕೇಳಾಕೆ ಸಲೀಸಾಗ್ತದೆ ಅಂತ ಚೀಟಿ ಇಟ್ಟಿದ್ಲು."

ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದು ಕೆಮ್ಮಿದರು.

ನಾಗರತ್ನಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮಹಿಳಾ ಸಮಾಜದ ಪರವಾಗಿ ಪ್ರಾರ್ಥನೆ ಹಾಡಲು ಅವಳು ವೇದಿಕೆಯ ಮೇಲಿದ್ದಳು, ರೇಷ್ಮೆ ಸೀರೆಯಲ್ಲೇ. ಎದುರಿಗೆ ಅಕ್ಕನ ಖಾಲಿ ಕುರ್ಚಿ, ಅದರ ಮೇಲೆ ಮಡಿಸಿಟ್ಟ ಶಾಲು. ಅಂಥದ್ದೊಂದು ಶಾಲಿಗಾಗಿ ತಾನು ಎಷ್ಟು ಪ್ರಾರ್ಥನೆ ಹಾಡಿದ್ದೇನೆ, ಎಷ್ಟು ರಂಗೋಲಿ ಹಾಕಿದ್ದೇನೆ! ಬೇಕೆಂದವಳ ಹತ್ತಿರ ಅದು ಸುಳಿಯಲಿಲ್ಲ. ಬೇಡವೆಂದವಳನ್ನು ಹುಡುಕಿಕೊಂಡು ಬಂತು. ಅಂದು ಅಕ್ಕ ಬಂದು ಶಾಲು ಹೊದ್ದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಚಪ್ಪರದ ಅಂಚಿನಲ್ಲಿ ಸಣ್ಣತಿಮ್ಮಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಕುಳಿತಿದ್ದ. ಬಿಟ್ಟುಹೋದ ಹೆಂಡತಿಯ ಮಣ್ಣಿಗೆ ಬಂದ ಗಂಡನ ಹತ್ತಿರ ಏನು ಮಾತಾಡಬೇಕೆಂದು ಯಾರಿಗೂ ತಿಳಿಯದೆ ಸುತ್ತ ಜಾಗ ಖಾಲಿ ಬಿಟ್ಟಿದ್ದರು. ನಾಗರತ್ನ ಹೋಗಿ ಪಕ್ಕದಲ್ಲಿ ಕುಳಿತಳು.

"ನೀವು ಬಂದಿದ್ದು ದೊಡ್ಡದು, ಭಾವ. ಇಷ್ಟು ವರ್ಷ ಮುಖ ನೋಡಿದೋರಲ್ಲ."

"ಹೋದ ಬುಧವಾರ ನೋಡಿದ್ನಲ್ಲ," ಎಂದ ಅವನು.

"ಎಲ್ಲಿ?"

"ಹೊನ್ನಾಳಿಯಾಗೆ. ತಿಂಗಳಿಗೆ ಒಂದೋ ಎರಡೋ ಬುಧವಾರ ಬರ್ತಿದ್ಲು. ಮನೆಗೆ ಬಾ ಅಂದ್ರೆ ಬರ್ತಿರ್ಲಿಲ್ಲ. ಹೊಳೆ ದಂಡೆಗೆ ಬಾ ಅಂತ ಫೋನ್ ಮಾಡ್ತಿದ್ಲು. ಕುಂತು ಮಂಡಕ್ಕಿ ತಿಂದು, ಕಾಲು ಇಳಿಬಿಟ್ಟು, ಮಾತಾಡಿ ಹೋಗಾದು. ಮನ್ಯಾಗೆ ಇದ್ದಾಗ ಒಂದಿನಾನೂ ಅಷ್ಟು ಮಾತಾಡಿರ್ಲಿಲ್ಲ ನಾವು."

ಮೇಷ್ಟ್ರ ಜೊತೆ ನಾಗರತ್ನ ಒಂದು ಹೊಳೆಯ ದಂಡೆಯ ಮೇಲೂ ಕುಳಿತಿರಲಿಲ್ಲ. ಹೋದದ್ದು ಗೃಹಪ್ರವೇಶಗಳಿಗೆ, ಮುಂಜಿಗಳಿಗೆ, ಹಿಂದೆ ನಾಲ್ಕು ಹೆಜ್ಜೆ ಬಿಟ್ಟು. ಗಂಡನನ್ನು ಬಿಟ್ಟವಳಿಗೆ ಗಂಡನೂ ಸಿಕ್ಕಿದ್ದ. ಅಕ್ಕ ಒಂದನ್ನಾದರೂ ಕಳೆದುಕೊಂಡಿರಬೇಕಲ್ಲ ಎಂದು ಇಷ್ಟು ವರ್ಷ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದಳು. ಆ ಲೆಕ್ಕವೂ ಹೋಯಿತು.

ಅಷ್ಟರಲ್ಲಿ ಚೌಡಮ್ಮನ ಗಂಟಲು ಕೇಳಿಸಿತು.

"ಮಂಡಕ್ಕಿ ಎಲ್ಲಿ?"

ಹೂವು ಬಂದಿತ್ತು, ಚಿಲ್ಲರೆ ಕಾಸು ಬಂದಿತ್ತು, ಹಲಗೆ ಬಡಿಯುವವರು ಬಂದಿದ್ದರು. ಹೆಣದ ಮುಂದೆ ದಾರಿಯುದ್ದಕ್ಕೂ ಎರಚುವ ಮಂಡಕ್ಕಿ ಮಾತ್ರ ಇರಲಿಲ್ಲ. ಊರಿನ ಎಲ್ಲ ಹೆಣಗಳಿಗೂ ಇದೇ ಭಟ್ಟಿಯಿಂದ ಮಂಡಕ್ಕಿ ಹೋಗುತ್ತಿದ್ದರಿಂದ, ಇಲ್ಲೇ ಇರುತ್ತದೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಯಾರೂ ತಂದಿರಲಿಲ್ಲ.

"ಬುಧವಾರ ರಜಾ ಅಂತ ಅಂಗಡಿಯೋರೆಲ್ಲ ಮಂಗಳವಾರ ಸಂಜೆನೇ ಒಯ್ತಿದ್ರು," ಎಂದ ಭಟ್ಟಿಗೆ ಹೊಟ್ಟು ಹಾಕಿ ಬೆಂಕಿ ನೋಡಿಕೊಳ್ಳುವ ಮುತ್ತುರಾಜ್. "ನಿನ್ನೆ ಹುರಿದೇ ಇಲ್ಲ. ಊರಾಗೆ ಒಂದು ಸೇರೂ ಸಿಗಲ್ಲ."

ಯಾರೋ ಹೋಗಿ ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿದ ಎರಡು ಪಾಕೀಟು ಕಂಪನಿ ಮಂಡಕ್ಕಿ ತಂದರು. ಚೌಡಮ್ಮ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. "ಇದನ್ನ ಎರಚಿದ್ರೆ ಎದ್ದು ಕುಂತು ಬೈತಾಳೆ."

ದಾವಣಗೆರೆಗೆ ಹೋಗಿ ಬರಲು ಎರಡೂವರೆ ಗಂಟೆ ಬೇಕು. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ಹೆಣ ಎತ್ತಬೇಕು.

"ಅಕ್ಕಿ ಐತೆ," ಎಂದಳು ಗಂಗೋತ್ರಿ. "ಸೋಮವಾರ ಉಪ್ಪುನೀರು ಕುಡಿಸಿ ಒಣಗಿಸಿದ್ದು ಒಂದು ಮೂಟೆ. ಜರಡಿ ನಾನು ಹಿಡಿತೀನಿ. ಹುರಿಯೋರು ಯಾರು? ಬಾಣಲೆ ಮುಂದೆ ಅಮ್ಮ ನಮ್ಮನ್ನ ಒಂದಿನಾನೂ ಕೂರಿಸ್ಲಿಲ್ಲ."

ನಾಗರತ್ನ ಸೆರಗನ್ನು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದಳು. ಮಹಿಳಾ ಸಮಾಜದ ನೇತ್ರಾವತಿ ಎರಡು ಮಾರು ದೂರದಲ್ಲೇ ನಿಂತಿದ್ದಳು. ಎದ್ದರೆ ಮೂವತ್ತಾರು ವರ್ಷ ಕಾಪಾಡಿದ್ದು ಒಂದು ಗಳಿಗೆಯಲ್ಲಿ ಬಯಲಾಗುತ್ತದೆ. ಜೊತೆಗೆ ಇನ್ನೊಂದು ಮಾತೂ ಒಳಗೆ ಕುಟುಕುತ್ತಿತ್ತು: ಊರಿಗೆಲ್ಲ ಎರಚಿದವಳು ತನಗಿಲ್ಲದೆ ಹೋಗಲಿ, ಅದೊಂದರಲ್ಲಾದರೂ ಅವಳಿಗೆ ಕಡಿಮೆಯಾಗಲಿ.

"ಅಮ್ಮ ಒಂದು ಮಾತು ಹೇಳ್ತಿದ್ರು," ಗಂಗೋತ್ರಿ ಕಣ್ಣೊರೆಸಿಕೊಂಡಳು. "ನಂದು ಎರಡನೇ ದರ್ಜೆ ಕಣೆ, ಮೊದಲನೇ ದರ್ಜೆ ಕೈ ಈ ಊರಾಗೇ ಐತೆ ಅಂತ. ಯಾರಮ್ಮ ಅಂದ್ರೆ ಹೇಳ್ತಿರ್ಲಿಲ್ಲ. ಆಕೆಗೆ ಹೇಳಿಸ್ಕಳಾದು ಇಷ್ಟ ಇಲ್ಲ, ನಾನ್ಯಾಕೆ ಹೇಳ್ಲಿ ಅಂತಿದ್ರು. ಹೊಸ ಮರಳು ಹಾಕಿದಾಗೆಲ್ಲ ಅನ್ನೋರು, ಆ ಕೈ ಒಂದಿನ ಬಂದು ಕೂತಿದ್ರೆ ನಾನು ಬಾಣಲೆ ಬಿಟ್ಟು ಎದ್ದುಬಿಡ್ತಿದ್ದೆ, ಅದನ್ನ ನೋಡಿದ್ರೆ ನಂಗೆ ಈಗ್ಲೂ ಹೊಟ್ಟೆ ಉರೀತೈತೆ ಅಂತ."

ನಾಗರತ್ನ ತಲೆ ಎತ್ತಿ ಅಕ್ಕನ ಮುಖ ನೋಡಿದಳು. ಕುಂಕುಮದ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ ಆ ಮುಖ ಇಪ್ಪತ್ತೆಂಟು ವರ್ಷ ಊರಿಗೆಲ್ಲ ಬಾಯಿ ಬಿಟ್ಟು ನಕ್ಕಿತ್ತು, ಅವಳ ಗುಟ್ಟನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅಕ್ಕನಿಗೂ ಹೊಟ್ಟೆ ಉರಿಯುತ್ತಿತ್ತು, ತನ್ನನ್ನು ನೋಡಿ. ಅವಳಿಗೆ ಅಳು ಬಂತು, ಬೆಳಗಿನಿಂದ ಮೊದಲ ಸಲ.

ಎದ್ದು ನಿಂತಳು.

"ಮುತ್ತುರಾಜ್, ಬೆಂಕಿ ಹಚ್ಚು," ಎಂದಳು.

"ಹೆಣ ಇಟ್ಕಂಡು ಒಲೆ ಹಚ್ಚಾಕೆ ಬರಲ್ಲ," ಎಂದಳು ಚೌಡಮ್ಮ. "ಅದೂ ಬುಧವಾರ."

ಸಣ್ಣತಿಮ್ಮಪ್ಪ ಟವೆಲು ಕೊಡವಿ ಎದ್ದ. "ಹಚ್ಚಲಿ ಬಿಡವ್ವ. ಆಕಿ ನಮ್ಮ ಯಾವ ಶಾಸ್ತ್ರ ಕೇಳಿದ್ಲು? ಏನಾರ ಬಂದ್ರೆ ನನ್ನ ತಲಿ ಮ್ಯಾಲೆ ಬರ್ಲಿ, ಗಂಡ ಅಂತ ಇದೀನಲ್ಲ."

"ಅಮ್ಮ, ನಿಂಗೆ ಹುರಿಯಾಕೆ ಬರುತ್ತಾ?" ಎಂದು ಚೈತ್ರಾ ಬೆರಗಾಗಿ ಕೇಳಿದಳು.

"ನಿಮ್ಮ ದೊಡ್ಡಮ್ಮನಿಗಿಂತ ಚೆನ್ನಾಗಿ," ಎಂದಳು ನಾಗರತ್ನ, ನೇತ್ರಾವತಿಗೂ ಕೇಳಿಸುವ ಹಾಗೆ.

*

ಮೊಳೆಯಲ್ಲಿ ಖಾಕಿ ಶರ್ಟು ತೂಗುತ್ತಿತ್ತು. ಕಾದ ಮರಳು ಸಿಡಿಯುತ್ತದೆ, ಶರ್ಟಿಲ್ಲದೆ ಕೂರುವಂತಿಲ್ಲ. ತೊಟ್ಟಳು. ಅಕ್ಕನ ಬೆವರಿನ ವಾಸನೆ ಇನ್ನೂ ಇತ್ತು.

ಹೊಟ್ಟಿನ ಬೆಂಕಿ ಹತ್ತಿ ಬಾಣಲೆಯ ಮರಳು ಬಣ್ಣ ತಿರುಗಿತು. ನಾಗರತ್ನ ನಾಲ್ಕು ಕಾಳು ಎಸೆದಳು. ಎರಡು ಅರಳಿದವು, ಎರಡು ಸುಮ್ಮನೆ ಬಿದ್ದವು. "ಇನ್ನಷ್ಟು ಹೊಟ್ಟು," ಎಂದಳು. ಮತ್ತೆ ಎಸೆದಳು. ಕೈ ಹಿಂದಕ್ಕೆ ಬರುವ ಮೊದಲೇ ನಾಲ್ಕೂ ಅರಳಿದವು. ಅಕ್ಕಿ ಸುರಿದು ಕಡ್ಡಿಪೊರಕೆಯಿಂದ ಒಂದು ಸುತ್ತು ತಿರುಗಿಸಿದಳು. ಬಾಣಲೆ ಬೆಳ್ಳಗೆ ಉಬ್ಬಿ ಬಂತು.

ಮೊದಲ ಸುತ್ತು ಸ್ವಲ್ಪ ಕೆಂಪಾಯಿತು. ಎರಡನೆಯದರಿಂದ ಕೈ ತಾನೇ ನಡೆಯಿತು. ಭುಜ ನೋಯುತ್ತಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು, ಬಾಗಿಲಲ್ಲಿ ಜನ ಗುಂಪುಗೂಡಿ ನೋಡುತ್ತಿದ್ದರು. ನೋಡಲಿ ಅನ್ನಿಸಿತು. ಇಷ್ಟು ವರ್ಷ ಅಕ್ಕ ಈ ಸುಖವನ್ನು ಒಬ್ಬಳೇ ತಿಂದಳಲ್ಲ ಎಂದು ಸಿಟ್ಟೂ ಬಂತು. ಆಮೇಲೆ, ಬಾ ಎಂದು ಕರೆದಿದ್ದರೂ ತಾನು ಬರುತ್ತಿರಲಿಲ್ಲವೆಂಬುದೂ ನೆನಪಾಯಿತು.

ಹನ್ನೊಂದೂಮುಕ್ಕಾಲಿಗೆ ಹೆಣ ಎತ್ತಿದರು.

ಚಟ್ಟದ ಮುಂದೆ ಹಲಗೆ, ಅದರ ಹಿಂದೆ ಬುಟ್ಟಿ ಹಿಡಿದ ನಾಗರತ್ನ. ಹೆಂಗಸರು ಓಣಿಯ ತುದಿಗೆ ನಿಲ್ಲಬೇಕಿತ್ತು, ಅವಳು ನಿಲ್ಲಲಿಲ್ಲ. ಬಿಸಿ ಆರದ ಮಂಡಕ್ಕಿಯನ್ನು ಹಿಡಿಹಿಡಿಯಾಗಿ ಎರಚುತ್ತ ನಡೆದಳು. ಚೌಡಮ್ಮ ಬಿದ್ದ ನಾಲ್ಕು ಕಾಳು ಎತ್ತಿ ಅಂಗೈಯಲ್ಲಿಟ್ಟು ನೋಡಿ, "ಗಾದ್ರಿಗೆ ಇಷ್ಟು ಬೆಳ್ಳಗೆ ಯಾವತ್ತೂ ಬಂದಿರ್ಲಿಲ್ಲ," ಎಂದಳು. ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು. ಆದರೆ ಅದನ್ನು ಹೇಳಬೇಕಾದವಳು ಚೌಡಮ್ಮನಲ್ಲ.

ಅರ್ಧ ದಾರಿಯಲ್ಲಿ ಹೆಣ ಇಳಿಸಿ ಹೆಗಲು ಬದಲಿಸುವುದು ವಾಡಿಕೆ. ಇಳಿಸಿದ್ದು ಮೇಷ್ಟ್ರ ಕಾಲೋನಿಯ ತಿರುವಿನಲ್ಲಿ. ಗೇಟುಗಳ ಹತ್ತಿರ ಸಮಾಜದ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು.

"ಯಾರ್ರೀ ಅದು, ಗಂಡಸರ ಶರ್ಟು ಹಾಕ್ಕಂಡಿರೋದು?"

"ಮೇಷ್ಟ್ರ ಮನೆಯೋರ ಹಂಗೆ ಕಾಣ್ತಾರೆ."

ನಾಗರತ್ನಳ ಸೆರಗು ಯಾವಾಗಲೋ ತಲೆಯಿಂದ ಜಾರಿತ್ತು. ಸೊಂಟದಲ್ಲಿ ಬುಟ್ಟಿ, ಬಲಗೈ ಮಂಡಕ್ಕಿಯೊಳಗೆ. ಅವಳು ಸೆರಗು ಎಳೆದುಕೊಳ್ಳಲಿಲ್ಲ. ಹಲಗೆಯವರಿಗೆ ಒಂದು ಗಳಿಗೆ ನಿಲ್ಲಿಸಿ ಎಂದು ಸನ್ನೆ ಮಾಡಿ, ಬುಟ್ಟಿಯಿಂದ ಒಂದು ಹಿಡಿ ಆರಿಸಿ ತೆಗೆದುಕೊಂಡು ಚಟ್ಟದ ಪಕ್ಕ ಮಂಡಿಯೂರಿದಳು. ಅಕ್ಕನ ಕಿವಿಯ ಮೇಲಿದ್ದ ಹೂವನ್ನು ಸರಿಸಿ, ಮುಷ್ಟಿಯನ್ನು ಅಲ್ಲಿಗೆ ಒಯ್ದು, ಮೆಲ್ಲಗೆ ಹಿಸುಕಿದಳು.